ಎರಡಿಂಚು ಬಿಟ್ಟು ಹೊಲಿದ ಸೈಕಲ್ಲು

ನನ್ನ ನಲವತ್ತಾರು ವರ್ಷದ ಬದುಕಿನಲ್ಲಿ ನನ್ನ ಅಳತೆಗೆ ಸರಿಯಾಗಿ ಹೊಂದಿದ ವಸ್ತು ಯಾವುದಿತ್ತು ಎಂದು ಯೋಚಿಸಿದರೆ ಹಣೆಯ ಕುಂಕುಮವೊಂದನ್ನು ಬಿಟ್ಟು ಬೇರೇನೂ ನೆನಪಿಗೆ ಬರುವುದಿಲ್ಲ. ಬಳ್ಳಾರಿಯ ಕಾನ್ವೆಂಟಿನಲ್ಲಿ ಓದುವಾಗ ಅಪ್ಪ ಯೂನಿಫಾರ್ಮನ್ನು ಯಾವತ್ತೂ ಮುಂದಿನ ವರ್ಷದ ನನಗೆ ಹೊಲಿಸುತ್ತಿದ್ದರು. ಈ ವರ್ಷದ ನಾನು ಅದರೊಳಗೆ ಬಾಡಿಗೆಗಿದ್ದವಳಂತೆ ಇರುತ್ತಿದ್ದೆ. ಲಂಗದ ಅಂಚನ್ನು ನಾಲ್ಕು ಬೆರಳು ಒಳಕ್ಕೆ ಮಡಚಿ ಹೊಲಿದಿರುತ್ತಿದ್ದರು. ವರ್ಷಕ್ಕೊಂದು ಬೆರಳಿನಂತೆ ಬಿಚ್ಚುತ್ತ ಹೋದ ಹಾಗೆ ಮಾಸಿದ ನೀಲಿಯ ಕೆಳಗೆ ಹೊಸ ನೀಲಿಯ ಒಂದೊಂದು ಪಟ್ಟಿ ಇಳಿಯುತ್ತಿತ್ತು. ಆ ಪಟ್ಟಿಗಳನ್ನು ಎಣಿಸಿಯೇ ನಾನು ಎಷ್ಟನೆಯ ಇಯತ್ತೆ ಎಂದು ಯಾರು ಬೇಕಾದರೂ ಹೇಳಬಹುದಿತ್ತು. ಶೂಗಳ ತುದಿಯಲ್ಲಿ ಹತ್ತಿ ತುರುಕಿರುತ್ತಿತ್ತು. ಮದುವೆಯಲ್ಲಿ ಹಾಕಿದ ಉಂಗುರ ಕೂಡ ದೊಡ್ಡದೇ. ಬೆರಳು ಮುಂದೆ ದಪ್ಪ ಆಗುತ್ತವೆ ಎಂದು ನಮ್ಮ ಅತ್ತೆಯವರು ಅದಕ್ಕೆ ಕೆಂಪು ದಾರ ಸುತ್ತಿಕೊಟ್ಟಿದ್ದರು. ಅವರ ಮಾತಿನಂತೆ ಬೆರಳು ದಪ್ಪವೂ ಆದವು. ಆದರೆ ದಾರ ಬಿಚ್ಚುವ ಹೊತ್ತಿಗೆ ಉಂಗುರ ಮಗಳಿಗೆಂದು ಪೆಟ್ಟಿಗೆ ಸೇರಿತ್ತು. ಹೀಗೆ ದೊಡ್ಡದಾದದ್ದರೊಳಗೆ ಬೆಳೆಯುತ್ತಲೇ ಬಂದ ನಾನು, ಇದೊಂದು ವಸ್ತುವಾದರೂ ನನ್ನ ಅಳತೆಯದೇ ಇರಲಿ ಎಂದು ಈ ವಯಸ್ಸಿನಲ್ಲಿ ಹಟ ಹಿಡಿದದ್ದು ಒಂದು ಸೈಕಲ್ಲಿನ ವಿಷಯದಲ್ಲಿ.

ಆಸೆ ಹುಟ್ಟಿದ್ದು ಒಂದು ಬೆಳಿಗ್ಗೆ, ಗಂಗಾವತಿಯಿಂದ ಸಿದ್ದಾಪುರದ ಕಡೆ ಹೋಗುವ ರಸ್ತೆಯಲ್ಲಿ. ಸಕ್ಕರೆ ಕಾಯಿಲೆ ಹೊಸಿಲಲ್ಲಿ ನಿಂತಿದೆ, ಒಳಗೆ ಕರೆಯಬೇಡಿ, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದಾಗಿನಿಂದ ನಾನು ಆ ದಾರಿ ಹಿಡಿದಿದ್ದೇನೆ. ಆಗಷ್ಟೇ ನಾಟಿ ಮುಗಿದ ಗದ್ದೆಗಳಲ್ಲಿ ನೀರು ನಿಂತಿತ್ತು. ಒಂಟಿ ಕಾಲಿನ ಬೆಳ್ಳಕ್ಕಿಗಳು ಬದುವಿನ ಮೇಲೆ ಸಾಲಾಗಿ, ಅಸೆಂಬ್ಲಿಗೆ ನಿಂತ ಹುಡುಗಿಯರ ಹಾಗೆ ನಿಂತಿದ್ದವು. ಹಿಂದಿನಿಂದ ಒಂದು ಸದ್ದು ಬಂತು. ರೇಷ್ಮೆ ಸೀರೆಯ ಮಡಿಕೆ ಬಿಚ್ಚುವಾಗ ಆಗುತ್ತದಲ್ಲ, ಅಷ್ಟೇ ಸದ್ದು. ನೋಡಿದರೆ ಐದಾರು ಜನ ಸೈಕಲ್ಲಿನವರು, ಬೆನ್ನು ಬಾಗಿಸಿ, ರಸ್ತೆಯ ಕಿವಿಯಲ್ಲಿ ಏನೋ ಗುಟ್ಟು ಹೇಳುವವರಂತೆ ಹೋಗುತ್ತಿದ್ದರು. ಕಡೆಯಲ್ಲಿದ್ದವಳು ಹೆಂಗಸು. ನನಗಿಂತ ಹಿರಿಯಳು. ಹೆಲ್ಮೆಟ್ಟಿನ ಕೆಳಗಿನಿಂದ ಬೆಳ್ಳಗಿನ ಜಡೆ ಇಳಿದಿತ್ತು, ಜಡೆಯ ತುದಿಗೆ ಹಸಿರು ರಬ್ಬರ್ ಬ್ಯಾಂಡು. ಹಾದುಹೋಗುವಾಗ ಮುಖ ತಿರುಗಿಸಿ "ಆರಾಮ್ರೀ?" ಎಂದಳು. ನಾನು ಬಾಯಿ ತೆರೆದು "ಹೂಂ, ಆರಾಮ್ರಿ" ಅನ್ನುವಷ್ಟರಲ್ಲಿ ಅವಳು ಮುಂದಿನ ಕಾಲುವೆಯ ಸೇತುವೆ ದಾಟಿಯಾಗಿತ್ತು. ನನ್ನ ಉತ್ತರ ಬೆಳ್ಳಕ್ಕಿಗಳಿಗೆ ಸಂದಿತು. ನಾನು ವಿಸ್ಮಯಪಟ್ಟದ್ದು ಅವಳ ವೇಗಕ್ಕಲ್ಲ. ನಾನು ಹತ್ತು ಹೆಜ್ಜೆ ದೂರದಲ್ಲಿದ್ದರೂ ಪುರ್ರೆಂದು ಏಳುವ ಆ ಹಕ್ಕಿಗಳು, ಅವರು ಐದಾರು ಜನ ಪಕ್ಕದಲ್ಲೇ ಹೋದರೂ ಮೇಲೆತ್ತಿದ ಇನ್ನೊಂದು ಕಾಲನ್ನು ಕೆಳಗಿಳಿಸಲಿಲ್ಲ.

ಸೈಕಲ್ ಹೊಡೆಯಲು ಬರುತ್ತಿತ್ತೇ ಎಂದು ನೀವು ಕೇಳಬಹುದು. ಬರುತ್ತಿರಲಿಲ್ಲ. ಕಾನ್ವೆಂಟಿನಲ್ಲಿ ನಮಗೆ ಕಸೂತಿ, ಸುಂದರ ಕೈಬರಹ, ಬಾಗಿಲನ್ನು ಸದ್ದಿಲ್ಲದೆ ಮುಚ್ಚುವುದು, ಇವೆಲ್ಲ ಬಂದವು. ನೆಟ್ಟಗೆ ನಡೆಯಲೆಂದು ಸಿಸ್ಟರ್ ಅಗಾಥಾ ನಮ್ಮ ತಲೆಯ ಮೇಲೆ ಪುಸ್ತಕ ಇಟ್ಟು ವರಾಂಡದ ಉದ್ದಕ್ಕೂ ನಡೆಸುತ್ತಿದ್ದರು. ಮೊಣಕಾಲು ಕಾಣುವ ಯಾವ ವಿದ್ಯೆಯನ್ನೂ ಅವರು ಕಲಿಸಲಿಲ್ಲ. ಹೀಗಾಗಿ ಬೆಳ್ಳಕ್ಕಿ ಪ್ರಸಂಗದ ನಂತರ ಮಗಳು ಧಾರವಾಡದ ಹಾಸ್ಟೆಲ್ಲಿಗೆ ಹೋಗುವಾಗ ಬಿಟ್ಟುಹೋದ ಗುಲಾಬಿ ಬಣ್ಣದ, ಮುಂದೆ ಬುಟ್ಟಿಯಿರುವ ಸೈಕಲ್ಲಿನ ಧೂಳು ಒರೆಸಿದೆ. ಕಲಿಸಿದವರು ನಮ್ಮನೆಯವರು. ಅವರದು ಬೀಜ ಗೊಬ್ಬರದ ಅಂಗಡಿ. ಪರಿಚಯದ ಒಬ್ಬರ ಅಕ್ಕಿ ಗಿರಣಿಯಲ್ಲಿ ಭತ್ತ ಒಣಗಿಸಲು ಸಿಮೆಂಟಿನ ವಿಶಾಲವಾದ ಅಂಗಳವಿದೆ. ರವಿವಾರ ಅಲ್ಲಿಗೆ ಹೋಗುತ್ತಿದ್ದೆವು. ಬಿದ್ದರೆ ಭತ್ತದ ರಾಶಿಯ ಮೇಲೇ ಬೀಳಬೇಕು ಎಂದು ಅವರು ಮೊದಲೇ ತಾಕೀತು ಮಾಡಿದ್ದರು, ನಾನೂ ವಿಧೇಯತೆಯಿಂದ ಹಾಗೆಯೇ ಬಿದ್ದೆ. ಒಂದು ತಿಂಗಳು ನಮ್ಮ ಮನೆಯ ಬಚ್ಚಲಲ್ಲಿ ಭತ್ತದ ಕಾಳು ಸಿಗುತ್ತಿದ್ದವು. ಐದನೆಯ ರವಿವಾರ ಅವರು ಸೀಟು ಹಿಡಿದು ಓಡಿ ಬರುತ್ತಿದ್ದಾರೆಂದು ನಂಬಿ ನಾನು ಮಾತನಾಡುತ್ತ ಎರಡು ಸುತ್ತು ಹಾಕಿದೆ. ಅವರು ಗೋದಾಮಿನ ನೆರಳಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಗೊತ್ತಾದ ತಕ್ಷಣ ಬಿದ್ದೆ, ಅದು ಬೇರೆ ಮಾತು. ಅಷ್ಟರಲ್ಲಿ ಕಲಿತಾಗಿತ್ತು.

ಆದರೆ ಗುಲಾಬಿ ಸೈಕಲ್ಲು ಮಗಳ ಎಂಟನೆಯ ಇಯತ್ತೆಯದು. ಅದರ ಮೇಲೆ ಕೂತರೆ ನನ್ನ ಮೊಣಕಾಲು ಬುಟ್ಟಿಯಲ್ಲಿನ ತರಕಾರಿಯನ್ನು ಮಾತನಾಡಿಸುತ್ತಿದ್ದವು. ಬದುಕಿನಲ್ಲಿ ಮೊದಲ ಬಾರಿಗೆ ಒಂದು ವಸ್ತು ನನಗೆ ಸಣ್ಣದಾಗಿತ್ತು, ಆ ಸಂತೋಷದಲ್ಲೇ ಒಂದು ವರ್ಷ ಓಡಿಸಿದೆ. ಕೊನೆಗೆ ಒಂದು ದಿನ ಊಟಕ್ಕೆ ಬಡಿಸುತ್ತ, ಆ ರಸ್ತೆಯಲ್ಲಿ ಕಂಡಂಥ ಸೈಕಲ್ಲು ನನಗೆ ಬೇಕು, ನನ್ನ ಅಳತೆಯದು ಬೇಕು ಎಂದೆ. ನಮ್ಮನೆಯವರು ಪಲ್ಯ ನೋಡಿದರು, ನನ್ನನ್ನು ನೋಡಿದರು, ಮತ್ತೆ ಪಲ್ಯ ನೋಡಿದರು. ಆಮೇಲೆ ಇನ್ನೊಂದು ರೊಟ್ಟಿ ಕೇಳಿದರು. ಇಪ್ಪತ್ಮೂರು ವರ್ಷದ ಸಂಸಾರದಲ್ಲಿ ನನಗೆ ಇಷ್ಟು ತಿಳಿದಿದೆ: ಇನ್ನೊಂದು ರೊಟ್ಟಿ ಕೇಳಿದರೆ ಒಪ್ಪಿಗೆ ಎಂದೇ ಅರ್ಥ.

ಅಂಥ ಸೈಕಲ್ಲು ಕೊಪ್ಪಳದ ಒಂದು ಅಂಗಡಿಯಲ್ಲಿ ಸಿಗುತ್ತದೆಂದು ತಿಳಿಯಿತು. ಬಸ್ಸಿನಲ್ಲಿ ಹೋದೆವು. ಅಂಗಡಿಯ ಬಸವರಾಜ ಅವರದು ನೆರೆತ ಮೀಸೆ, ಉಗುರಿನ ಅಂಚಿನಲ್ಲಿ ಎಂದೂ ಹೋಗದ ಗ್ರೀಸು. ಮಕ್ಕಳ ಸೈಕಲ್ಲು, ಹಾಲಿನವರ ಸೈಕಲ್ಲು ಎಲ್ಲ ಹೊರಗೆ ಇದ್ದವು. ಇದೊಂದು ಮಾತ್ರ ಒಳಗೆ, ಗೋಡೆಯ ಮೇಲೆ, ದೇವರ ಫೋಟೋದ ಪಕ್ಕದಲ್ಲಿ ತೂಗುಹಾಕಿತ್ತು. ಅವರು ಅದನ್ನು ಎರಡು ಬೆರಳಿನಿಂದ ಇಳಿಸಿ "ಎತ್ರಿ ಅಕ್ಕಾರ" ಎಂದರು. ನಾನು ಅಕ್ಕಿ ಚೀಲ ಎತ್ತುವ ತಯಾರಿಯಲ್ಲಿ ಉಸಿರು ಬಿಗಿಹಿಡಿದು ಎತ್ತಿದೆ. ಸೈಕಲ್ಲು ನನ್ನ ಗಲ್ಲದವರೆಗೆ ಹಾರಿ ಬಂತು. ಇಷ್ಟು ಹಗುರವಾದದ್ದು ನನ್ನನ್ನು ಹೇಗೆ ಹೊರುತ್ತದೆ ಎಂದು ನನಗೆ ಅರ್ಥವಾಗಲಿಲ್ಲ, ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ. ಹ್ಯಾಂಡಲ್ಲು ಟಗರಿನ ಕೋಡಿನಂತೆ ಸುತ್ತಿಕೊಂಡಿತ್ತು. ಗಾಲಿ ಬಳೆಯಷ್ಟು ತೆಳು. ಸೀಟು ಚೆನ್ನಾಗಿ ಚೀಪಿ ಬಿಟ್ಟ ಮಾವಿನ ವಾಟೆಯಂತಿತ್ತು. ಬಸವರಾಜ ಅವರು ಹಿಂದಿನ ಗಾಲಿಯನ್ನು ಎತ್ತಿ ಒಮ್ಮೆ ತಿರುಗಿಸಿ ಬಿಟ್ಟರು. ಟಿಕಿಟಿಕಿಟಿಕಿ ಎಂದು ಎಲ್ಲೋ ದೂರದ ಓಣಿಯಲ್ಲಿ ಹೊಲಿಗೆ ಯಂತ್ರ ಓಡುವಂಥ ಸದ್ದು ಶುರುವಾಯಿತು. ನಾವು ಮೂವರೂ ಅದನ್ನೇ ಕೇಳುತ್ತ ನಿಂತೆವು. ಅದು ನಿಲ್ಲಲೇ ಇಲ್ಲ. ನಡುವೆ ಒಬ್ಬರು ಬಂದು ಪಂಕ್ಚರಿನ ಸಲ್ಯೂಷನ್ ಕೇಳಿ, ಕೊಂಡು, ಹೋದರು. ಗಾಲಿ ಇನ್ನೂ ತಿರುಗುತ್ತಿತ್ತು.

ನಮ್ಮನೆಯವರು ವ್ಯಾಪಾರಸ್ಥರು, ಬೇಗ ಎಚ್ಚರಗೊಂಡರು. ಇದರ ಸ್ಟ್ಯಾಂಡ್ ಎಲ್ಲಿ ಎಂದರು. ಸ್ಟ್ಯಾಂಡ್ ಇರುವುದಿಲ್ಲವಂತೆ. ಕ್ಯಾರಿಯರ್? ಅದೂ ಇಲ್ಲ. ಮಡ್‌ಗಾರ್ಡು, ಬೆಲ್ಲು, ಚೈನಿನ ಮುಚ್ಚಳ? ಭಾರ ಆಗುತ್ತದೆಂದು ಯಾವುದೂ ಇಡುವುದಿಲ್ಲವಂತೆ. ಪೆಡಲ್ಲನ್ನೂ ಬೇರೆಯಾಗಿಯೇ ತಗೋಬೇಕು ಎಂದಾಗ ಅವರು ತಮ್ಮ ಕನ್ನಡಕ ತೆಗೆದು ಒರೆಸಿಕೊಂಡರು.

"ಗಾಲಿ ಆದ್ರೂ ಕೊಡ್ತೀರಿಲ್ರಿ?" ಎಂದು ಕೇಳಿದರು.

ಬಸವರಾಜ ಅವರಿಗೆ ಬೇಸರವಾಗಲಿಲ್ಲ. ತೊಂದರೆ ಬೇರೆಯದಿತ್ತು. ಅಂಗಡಿಯಲ್ಲಿದ್ದ ಆ ಒಂದೇ ಸೈಕಲ್ಲು ಆರಡಿ ಗಂಡಸಿನದು. ನನಗೆ ಬೇಕಾದರೆ ಅಳತೆ ಕೊಟ್ಟು ತರಿಸಬೇಕು, ಒಮ್ಮೆ ತರಿಸಿದರೆ ಕಂಪನಿಯವರು ವಾಪಸು ತಗೊಳ್ಳುವುದಿಲ್ಲ. ಸೀಟು ಏರಿಸಬಹುದು, ಇಳಿಸಬಹುದು. ನಡುವಿನ ಪೈಪು ಮಾತ್ರ ಹುಟ್ಟಿನಿಂದ ಬಂದ ಎತ್ತರದಲ್ಲೇ ಇರುತ್ತದೆ. ಎರಡೂ ಪಾದ ನೆಲಕ್ಕೆ ಊರಿ ನಿಂತಾಗ ಆ ಪೈಪು ಮೈಗೆ ತಾಗಬಾರದು. ಅದಕ್ಕೆ ಕಾಲಿನ ಒಳ ಅಳತೆ ಬೇಕು. ಅದನ್ನು ತೆಗೆಯುವ ಬಗೆಯನ್ನು ಅವರು ನನ್ನ ಮುಖ ನೋಡದೆ, ಎದುರಿಗಿದ್ದ ಟೈರಿಗೆ ವಿವರಿಸಿದರು. "ಬರಿಗಾಲಾಗ ಗ್ವಾಡಿಗೆ ಬೆನ್ನು ಹಚ್ಚಿ ನಿಂದರ್ರಿ. ಒಂದು ದಪ್ಪನ ಪುಸ್ತಕ ಕಾಲ ನಡುವ ಹಿಡದು, ಮ್ಯಾಲ ತನಕ ಒತ್ರಿ. ಪುಸ್ತಕದ ಮ್ಯಾಲಿನ ಅಂಚಿಂದ ನೆಲಕ್ಕ ಎಷ್ಟು ಬರತೈತಿ, ಅದನ್ನ ಬರಕೊಂಡು ಕಳಸ್ರಿ. ನಾವು ತಗೊಳ್ಳಾಕ ಬರಂಗಿಲ್ಲ, ಮನ್ಯಾಗ ತಗೋರಿ." ಟೈರು ತಲೆಯಾಡಿಸಲಿಲ್ಲ. ನಾನು ಆಡಿಸಿದೆ.

ದಪ್ಪನ ಪುಸ್ತಕ ಎಂದರೆ ನಮ್ಮ ಮನೆಯಲ್ಲಿ ಮೂರೇ ಇವೆ. ಒಂದು, ಅತ್ತೆಯವರು ದಿನಾ ಓದುವ ಪುರಾಣ. ಅದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ದೇವರ ಜಗುಲಿಯ ಮೇಲೆ ಇಟ್ಟಿರುತ್ತಾರೆ, ಅದರ ಮಾತೇ ಬೇಡ. ಎರಡನೆಯದು ಮಗಳ ಪರೀಕ್ಷೆಯ ಗೈಡು. ಅದರಿಂದ ಅವಳು ಪಾಸಾಗಿದ್ದಾಳೆ, ಅದಕ್ಕೂ ಒಂದು ಮರ್ಯಾದೆ ಇದೆ. ಮೂರನೆಯದು ಕಾನ್ವೆಂಟಿನಲ್ಲಿ ನನಗೆ ಬಹುಮಾನ ಬಂದ ನಿಘಂಟು. ಗಟ್ಟಿ ರಟ್ಟು, ಸರಿಯಾದ ದಪ್ಪ, ಈ ಕೆಲಸಕ್ಕೆಂದೇ ಮಾಡಿದಂತಿತ್ತು. ಬಾಗಿಲು ಹಾಕಿಕೊಂಡು, ಗೋಡೆಗೆ ಬೆನ್ನು ಹಚ್ಚಿ, ಮೊದಲ ಪುಟ ತೆರೆದೆ. 'ಸನ್ನಡತೆಗಾಗಿ' ಎಂದು ಸಿಸ್ಟರ್ ಅಗಾಥಾರ ಓರೆಯಕ್ಷರದಲ್ಲಿತ್ತು. ಕಾಲು ತಾಗಿದರೆ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಬೆಳೆದವಳು ನಾನು. ತಲೆಯ ಮೇಲಿಟ್ಟು ನಡೆದ ಪುಸ್ತಕವನ್ನು ಇಷ್ಟು ಕೆಳಗಿಳಿಸುವುದು ನನ್ನಿಂದಾಗಲಿಲ್ಲ. ಅಷ್ಟರಲ್ಲಿ ಅತ್ತೆಯವರು ಬಾಗಿಲು ತಳ್ಳಿದರು. ನಾನು ಗೋಡೆಗಂಟಿ ನಿಂತದ್ದನ್ನೂ ಕೈಯಲ್ಲಿದ್ದ ಪುಸ್ತಕವನ್ನೂ ನೋಡಿ ವಿಷಯ ಕೇಳಿದರು. ಹೇಳಿದೆ.

"ಸರಸ್ವತೀನ ಎಲ್ಲಿ ಇಡಾಕ ಹೊಂಟೀಯವಾ ಶೋಭಾ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಕುತೂಹಲವಿತ್ತು. ಆಮೇಲೆ ಅವರೇ ದಾರಿ ತೋರಿಸಿದರು: ಅಳತೆಯ ಕೆಲಸ ಅಳತೆಯವರಿಗೆ ಬಿಡು, ಬಿಬಿಜಾನ್ ಹತ್ತಿರ ಹೋಗು.

ಬಿಬಿಜಾನ್ ಆಪಾ ನಮ್ಮ ಓಣಿಯ ತುದಿಯಲ್ಲಿ ನಾಲ್ಕು ಯಂತ್ರಗಳ ಹೊಲಿಗೆ ಅಂಗಡಿ ಇಟ್ಟಿದ್ದಾರೆ. ನನಗಿಂತ ಆರೇಳು ವರ್ಷ ಹಿರಿಯರು, ಒಂದು ಗೇಣು ಎತ್ತರ. ಮದುವೆಯಾಗಿ ಗಂಗಾವತಿಗೆ ಬಂದಾಗಿನಿಂದ ನನ್ನ ರವಿಕೆ, ಚೂಡಿದಾರ ಎಲ್ಲ ಅವರ ಕೈಯಲ್ಲೇ ಆದದ್ದು. ಪರದೆಯ ಹಿಂದೆ ನಿಲ್ಲಿಸಿ, ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡೇ ಅವರು ಊರಿನ ಕಷ್ಟಸುಖ ಎಲ್ಲ ಮಾತಾಡುತ್ತಾರೆ. ಯಾವ ಪ್ಯಾಂಟಿಗೆ ಈ ಅಳತೆ ಎಂದು ಕೇಳಿದರು. ಸೈಕಲ್ಲಿಗೆ ಎಂದೆ. ಸೂಜಿ ಒಂದು ಕ್ಷಣ ಅಲುಗಾಡದೆ ನಿಂತವು. ನಿಘಂಟಿನ ಬದಲು ಅವರು ಬಟ್ಟೆಗೆ ಗೆರೆ ಹಾಕುವ ಕಟ್ಟಿಗೆಯ ಪಟ್ಟಿಯನ್ನು ಕೊಟ್ಟರು. ಸರಸ್ವತಿಯೂ ಪಾರಾದಳು, ನಾನೂ ಪಾರಾದೆ. ಅವರು ಟೇಪು ಹಿಡಿದು ಕೂತಾಗ ನಾನು ಎದುರಿನ ಗೂಡಿನಲ್ಲಿದ್ದ ಗಾಜಿನ ಬರಣಿಯನ್ನು ನೋಡುತ್ತಿದ್ದೆ. ತುಂಬ ಗುಂಡಿಗಳು, ಬಿಳಿಯವು, ಕಂದು, ಒಂದೇ ಒಂದು ಆನೆಯಾಕಾರದ ಗುಂಡಿ. ಯಾವ ಕೂಸಿನ ಅಂಗಿಯದೋ, ಜೊತೆಯ ಗುಂಡಿಗಳೆಲ್ಲ ಎಲ್ಲಿ ಹೋದವೋ ಎಂದು ನಾನು ಯೋಚಿಸುತ್ತಿರುವಾಗ ಆಪಾ ಏನೋ ಕೇಳಿದರು, ನಾನು ಯಾವಾಗಿನಂತೆ ಏನೋ ಹೇಳಿದೆ. ಅವರು ಚೀಟಿ ಬರೆದುಕೊಟ್ಟರು. ಮೂವತ್ತು ಇಂಚು.

ಚೀಟಿಯ ಫೋಟೋ ಬಸವರಾಜ ಅವರಿಗೆ ಹೋಯಿತು. ಅರ್ಧ ತಾಸಿಗೆ ಫೋನು ಬಂತು. ಒಮ್ಮೆ ಖಾತ್ರಿ ಮಾಡಿಕೊಳ್ಳಿರಿ, ಎಂದರು. ಅಳೆದವರು ಬಿಬಿಜಾನ್ ಆಪಾ, ಖಾತ್ರಿ ಮಾಡುವುದೇನಿದೆ, ಎಂದೆ. ಆಗ ಅವರು ಹೇಳಿದ ಮಾತು ನನ್ನ ಬುದ್ಧಿಯ ಮೇಲೆ ಪರದೆ ಎಳೆಯಿತು. "ಹಂಗಾರ ಸರಿ ಬಿಡ್ರಿ. ನೀವು ನೋಡಾಕ ಗಿಡ್ಡ ಕಾಣ್ತೀರಿ ಅಕ್ಕಾರ, ಆದ್ರ ಕಾಲು ಭಾಳ ಉದ್ದ ಅದಾವ." ಜೀವಮಾನವಿಡೀ ಗುಂಪು ಫೋಟೋದಲ್ಲಿ ಮುಂದಿನ ಸಾಲಿನಲ್ಲಿ ಕುಳಿತವಳಿಗೆ ಈ ಮಾತು ಎಂಥದೆಂದು ಎತ್ತರದವರಿಗೆ ತಿಳಿಯದು. ಫೋನಿಟ್ಟು ಕನ್ನಡಿಯ ಮುಂದೆ ಹೋಗಿ ಸೀರೆಯನ್ನು ಸ್ವಲ್ಪ ಎತ್ತಿ ನೋಡಿಕೊಂಡೆ. ನಿಜವೇ ಇರಬೇಕು ಅನ್ನಿಸಿತು. ಆ ವಾರ ನಾನು ನೆಟ್ಟಗೆ, ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತ ತರಕಾರಿ ಮಾರ್ಕೆಟ್ಟಿಗೆ ಹೋಗಿಬಂದೆ. ನಮ್ಮನೆಯವರಿಗೂ ತಿಳಿಸಿದೆ. ಇಷ್ಟು ವರ್ಷ ಗೊತ್ತೇ ಆಗಲಿಲ್ಲ ನೋಡು ಎಂದರು. ಹೊಗಳಿದರೋ ನಕ್ಕರೋ ತಿಳಿಯಲಿಲ್ಲ.

ಒಂದು ತಿಂಗಳ ಮೇಲೆ ಸೈಕಲ್ಲು ಬಂತು. ಬಸವರಾಜ ಅವರೇ ಟೆಂಪೋದಲ್ಲಿ ಹಾಕಿ ಕಳಿಸಿದರು. ಬಣ್ಣ ಆಕಾಶದ್ದೂ ಅಲ್ಲ, ನೀರಿನದ್ದೂ ಅಲ್ಲ. ನಾಟಿಯ ಗದ್ದೆಯಲ್ಲಿ ಆಕಾಶ ಬಿದ್ದಾಗ ಆಗುವ ಬಣ್ಣ. ಅತ್ತೆಯವರು ಅದಕ್ಕೆ ಕುಂಕುಮ ಹಚ್ಚಲು ಬಂದರು, ಹಚ್ಚುವಷ್ಟು ಅಗಲದ ಜಾಗ ಎಲ್ಲೂ ಸಿಗದೆ ಕೊನೆಗೆ ಸೀಟಿಗೇ ಹಚ್ಚಿದರು. ನಾನು ಚೂಡಿದಾರ ಹಾಕಿಕೊಂಡು, ಮನೆದೇವರನ್ನು ನೆನೆದು, ಕಾಲು ದಾಟಿಸಿ ನಿಂತೆ. ನಿಂತೆ ಎಂದರೆ ಹಿಮ್ಮಡಿ ಎತ್ತಿ, ಬೆರಳ ತುದಿಯ ಮೇಲೆ, ಬೆಳ್ಳಕ್ಕಿಯಂತೆ. ಪೈಪು ತಾಗಬಾರದ ಕಡೆ ತಾಗಿತು. ನಮ್ಮನೆಯವರು ಒಳಗೆ ಹೋಗಿ ಅಂಗಡಿಯ ಉಕ್ಕಿನ ಟೇಪು ತಂದರು. ನನ್ನನ್ನು ಗೋಡೆಗೆ ನಿಲ್ಲಿಸಿ, ರೊಟ್ಟಿ ಒಲೆಯ ಪಕ್ಕದಲ್ಲಿದ್ದ ಸೌದೆ ಚಕ್ಕೆಯನ್ನೇ ಪಟ್ಟಿ ಮಾಡಿ ಅಳೆದರು. ಇಪ್ಪತ್ತೆಂಟು. ಇನ್ನೊಮ್ಮೆ ಅಳೆದರು. ಇಪ್ಪತ್ತೆಂಟೇ. ಉದ್ದ ಕಾಲು ನನಗೆ ಒಂದೇ ತಿಂಗಳು ದಕ್ಕಿದ್ದವು.

ಫೋನು ಮಾಡಿದರೆ ಬಸವರಾಜ ಅವರು ಬಹಳ ನೊಂದುಕೊಂಡರು. "ಹಿಡದು ಹೊಲ್ಯಾಕ ಇದು ರವಿಕಿ ಅಲ್ರಿ ಅಕ್ಕಾರ" ಎಂದರು ಪಾಪ. ತಪ್ಪು ಆಪಾರದು ಎಂದು ನಮ್ಮನೆಯವರು ತೀರ್ಮಾನಿಸಿದರು. ನನಗೂ ಹಾಗೆಯೇ ಅನ್ನಿಸಿತ್ತು, ಆದರೆ ಹೇಳಬೇಡಿರಿ ಎಂದೆ. ಮೂವತ್ತು ವರ್ಷ ಊರನ್ನೆಲ್ಲ ಅಳೆದ ಕೈಗೆ, ನಿನ್ನ ಅಳತೆ ತಪ್ಪಿತು ಎನ್ನುವುದು ಹೇಗೆ? ಎದುರಿನವರ ತಪ್ಪನ್ನು ಕಾಣದಂತಿರುವುದನ್ನು ಕೂಡ ನಮಗೆ ಕಾನ್ವೆಂಟಿನಲ್ಲಿ ಕಲಿಸಿದ್ದರು. ಹೀಗಾಗಿ ನಾನು ಆ ದೊಡ್ಡ ಸೈಕಲ್ಲನ್ನೇ ಓಡಿಸತೊಡಗಿದೆ.

ಅದು ಹೇಗಿತ್ತೆಂದರೆ, ಹತ್ತಲು ಒಂದು ಕಟ್ಟೆ ಬೇಕು, ಇಳಿಯಲು ಒಂದು ಕಟ್ಟೆ ಬೇಕು. ನಡುವೆ ಎಲ್ಲೂ ನಿಲ್ಲುವಂತಿಲ್ಲ. ಗಂಗಾವತಿಯಿಂದ ಸಿದ್ದಾಪುರದವರೆಗೆ ಎಷ್ಟು ಮೋರಿ ಕಟ್ಟೆಗಳಿವೆ, ಎಷ್ಟು ಕಿಲೋಮೀಟರ್ ಕಲ್ಲುಗಳಿವೆ, ಅವುಗಳಲ್ಲಿ ಯಾವುದು ಅಲ್ಲಾಡುತ್ತದೆ ಎಂಬುದು ರಸ್ತೆ ಮಾಡಿಸಿದವರಿಗಿಂತ ನನಗೆ ಚೆನ್ನಾಗಿ ಗೊತ್ತು. ದಣಿವಾದಲ್ಲಿ ನಿಲ್ಲುವುದಲ್ಲ, ಕಲ್ಲು ಬಂದಲ್ಲಿ ದಣಿಯಬೇಕು. ತಲೆಗೆ ನಮ್ಮನೆಯವರ ಸ್ಕೂಟರಿನ ಹೆಲ್ಮೆಟ್ಟು. ಅದರೊಳಗೆ ನನ್ನ ತಲೆ, ಕೊಡದಲ್ಲಿ ಲಿಂಬೆಹಣ್ಣು. ಬೆಲ್ಲಿಲ್ಲದ ಕಾರಣ ಒಂದು ದಿನ ದಾರಿಗಡ್ಡ ನಿಂತ ಎಮ್ಮೆಗೆ "ಎಕ್ಸ್‌ಕ್ಯೂಸ್ ಮಿ" ಎಂದೆ. ಅದು ಸರಿಯಿತು. ಆಶ್ಚರ್ಯದಿಂದ "ಥ್ಯಾಂಕ್ಯೂ" ಅಂದೆ. ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನೋಡಿ, ಅವತ್ತಿನಿಂದ ನನ್ನನ್ನು ಕಂಡರೆ ಎಕ್ಸ್‌ಕ್ಯೂಸ್ ಬಾಯಿ ಬಂದ್ಲು ಅನ್ನುತ್ತಾರೆ.

ಆದರೂ ಒಂದು ಮಾತು ಹೇಳಲೇಬೇಕು. ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿನ ನಡುವೆ, ಇಳಿಯುವ ಚಿಂತೆ ಇನ್ನೂ ಶುರುವಾಗದ ಒಂದಷ್ಟು ದೂರ ಇರುತ್ತಿತ್ತು. ಅಲ್ಲಿ ಕಾಲು ತುಳಿಯುವುದನ್ನು ನಿಲ್ಲಿಸಿದರೆ ಆ ಟಿಕಿಟಿಕಿ ಸದ್ದು ಶುರುವಾಗುತ್ತಿತ್ತು, ರಸ್ತೆ ತಾನಾಗಿ ನನ್ನ ಕೆಳಗಿನಿಂದ ಸರಿದು ಹೋಗುತ್ತಿತ್ತು. ದೂರದಲ್ಲಿ ಒಂದರ ಮೇಲೊಂದು ಕೂತ ಬಂಡೆಗುಡ್ಡಗಳು ಜಾಗ ಬದಲಿಸುತ್ತಿದ್ದವು. ಒಂದು ಬೆಳಿಗ್ಗೆ ನಾನು ಹಾದುಹೋದೆ, ಬೆಳ್ಳಕ್ಕಿಗಳು ಹಾರಲಿಲ್ಲ. ಆ ಖುಷಿಗೆ ಒಂದು ಕಟ್ಟೆ ತಪ್ಪಿಸಿಕೊಂಡು ಮುಂದಿನ ಕಟ್ಟೆಯವರೆಗೆ ಬೆವರುತ್ತ ಹೋಗಬೇಕಾಯಿತು.

ಆಪಾಗೆ ಹೇಳಬಾರದೆಂದು ನಾನು ಎಲ್ಲರಿಗೂ ಹೇಳಿದ್ದೆ, ಅತ್ತೆಯವರಿಗೆ ಹೇಳಲು ಮರೆತಿದ್ದೆ. ರವಿಕೆ ಕೊಡಲು ಹೋದವರು ಅಲ್ಲಿ ಎಲ್ಲವನ್ನೂ ವಿವರವಾಗಿ, ನಾನು ಬೆರಳ ಮೇಲೆ ನಿಂತದ್ದನ್ನು ನಿಂತು ತೋರಿಸಿ, ಹೇಳಿಬಂದರು. ಅದೇ ಸಂಜೆ ಆಪಾ ನಮ್ಮ ಮನೆಗೆ ಬಂದರು. ಕಂಕುಳಲ್ಲಿ ಕೆಂಪು ರಟ್ಟಿನ ಅಳತೆಯ ವಹಿ. ಕೂಡಿರಿ ಎಂದರೆ ಕೂಡಲಿಲ್ಲ. ನನ್ನ ಹೆಸರಿನ ಪುಟ ತೆರೆದು ನನ್ನ ಮುಂದೆ ಹಿಡಿದರು.

ನಾನು ಬೆರಗಾಗಿ ನೋಡಿದೆ. ಇಪ್ಪತ್ಮೂರು ವರ್ಷದ ನಾನು ಅಲ್ಲಿದ್ದೆ. ಮದುವೆಯ ವರ್ಷದ ಸೊಂಟ, ಮಗಳು ಹುಟ್ಟಿದ ವರ್ಷದ ಸೊಂಟ, ಅಮ್ಮ ತೀರಿಕೊಂಡ ವರ್ಷ ಕರಗಿದ ತೋಳು. ಮಗಳು ಹಾಸ್ಟೆಲ್ಲಿಗೆ ಹೋದ ವರ್ಷ ಮತ್ತೆ ತುಂಬಿಕೊಂಡದ್ದು. ನನ್ನ ಬಗ್ಗೆ ಇಷ್ಟು ವರ್ಷ ಇಷ್ಟು ಸರಿಯಾಗಿ ಬರೆದಿಟ್ಟವರು ಇನ್ನಾರೂ ಇಲ್ಲ. ಪ್ರತಿಯೊಂದು ಅಂಕಿಯ ಪಕ್ಕದಲ್ಲೂ ಸಣ್ಣದಾಗಿ 'ಎರಡು ಬಿಡು' ಎಂದಿತ್ತು. ಕಡೆಯ ಸಾಲಿನಲ್ಲಿ: ಸೈಕಲ್ಲು, ಇಪ್ಪತ್ತೆಂಟು. ಎರಡು ಬಿಡು.

"ನಾ ಕೇಳಿದ್ದೆ ಅಕ್ಕಾರ," ಎಂದರು ಆಪಾ. "ಸೈಕಲ್ಲಿಗೂ ಬಿಡ್ಲೇನ್ರಿ ಅಂತ. ಗುಂಡಿ ಬರಣಿ ನೋಡಕೋತ ನೀವ ಹೇಳಿದ್ರಿ, ಹೂಂ ಆಪಾ, ಯಾವಾಗಿನಂಗ ಎರಡಿಂಚು ಬಿಡ್ರಿ ಅಂತ. ನನಗೇನು ಗೊತ್ತು, ಸೈಕಲ್ಲೂ ಮುಂದ ಬಿಚ್ಚಕೊಳ್ಳಾಕ ಬರತೈತೇನೋ ಅನಕೊಂಡ್ಯಾ."

ಆನೆಯಾಕಾರದ ಆ ಗುಂಡಿ ಕಣ್ಣ ಮುಂದೆ ಬಂತು. ಹೇಳಿದ್ದೆ. ಖಂಡಿತವಾಗಿ ನಾನೇ ಹೇಳಿದ್ದೆ. ಅಪ್ಪ ಹೊಲಿಸಿದ ಲಂಗದ ಮಡಿಕೆಯನ್ನು ಬೈಯುತ್ತ ಬೆಳೆದ ನಾನು, ಇಪ್ಪತ್ಮೂರು ವರ್ಷದಿಂದ ನನ್ನ ಬಾಯಿಂದಲೇ ಎರಡೆರಡು ಇಂಚು ಮಡಿಕೆ ಹಾಕಿಸಿಕೊಂಡು ಬಂದಿದ್ದೆ. ಒಂದು ತಿಂಗಳಿಂದ ಆಪಾರ ತಪ್ಪನ್ನು ಕ್ಷಮಿಸಿ ದೊಡ್ಡವಳಾಗಿ ಓಡಾಡಿದ್ದೂ ನಾನೇ. ಕುಡಿಯಲು ನೀರು ಕೊಡುವ ನೆವದಲ್ಲಿ ಒಳಗೆ ಹೋದೆ.

ಬಂದಾಗ ಆಪಾ ಅಂಗಳದಲ್ಲಿದ್ದರು. ಗೋಡೆಗಾನಿಸಿದ ಸೈಕಲ್ಲಿನ ಪೈಪನ್ನು ಬಟ್ಟೆಯ ಪೋತ, ನೇಯ್ಗೆ ನೋಡುವ ಹಾಗೆ ಹೆಬ್ಬೆರಳಿನಿಂದ ಸವರುತ್ತಿದ್ದರು. "ಒಂದ್ಸಲ ನಿಂತು ನೋಡ್ಲೇನ್ರಿ ಅಕ್ಕಾರ?" ಎಂದು ಕೇಳಿದರು. ಓಢನಿಯನ್ನು ನಡುವಿಗೆ ಬಿಗಿದು ಕಾಲು ದಾಟಿಸಿದರು. ಎರಡೂ ಪಾದ ನೆಲದ ಮೇಲೆ ಪೂರ್ತಿ ಊರಿ ನಿಂತರು. ಪೈಪು ಸರಿಯಾಗಿ ಎರಡು ಬೆರಳು ಕೆಳಗಿತ್ತು, ಅವರ ಅಳತೆಗೇ ಮಾಡಿಸಿದಂತೆ. ನಾನು ಕಂಡದ್ದನ್ನು ಹೇಳುವ ಮೊದಲೇ ಅವರು ಬಿಸ್ಮಿಲ್ಲಾ ಎಂದು ಗೇಟು ದಾಟಿದ್ದರು.

ಓಣಿಯ ತುದಿಯವರೆಗೆ ಅವರು ಹೋದದ್ದನ್ನು ನಾನು ಇನ್ನೂ ನೋಡುತ್ತಿದ್ದೇನೆ ಅನ್ನಿಸುತ್ತದೆ. ಐವತ್ತು ದಾಟಿದ ಹೆಂಗಸು, ಅತ್ತಿತ್ತ ಒಂದು ಎಳೆಯಷ್ಟೂ ಅಲುಗದೆ, ಬಟ್ಟೆಯ ಮೇಲೆ ಸುಣ್ಣದ ಗೆರೆ ಎಳೆದಂತೆ ಹೋದರು. ತುದಿಯಲ್ಲಿ ಇಳಿಯಲಿಲ್ಲ, ಇದ್ದಷ್ಟೇ ಜಾಗದಲ್ಲಿ ತಿರುಗಿದರು. ಅಂಗಡಿಯಿಂದ ಬರುತ್ತಿದ್ದ ನಮ್ಮನೆಯವರು ಸ್ಕೂಟರನ್ನು ಬದಿಗೆ ತಗೊಂಡು ದಾರಿ ಬಿಟ್ಟರು. ಆಪಾ ವಾಪಸು ಬಂದು, ಕಾಲೂರಿ, ಸ್ವಲ್ಪ ಹೊತ್ತು ಹ್ಯಾಂಡಲ್ಲಿನ ಮೇಲೆ ಕೈಯಿಟ್ಟುಕೊಂಡೇ ನಿಂತರು.

"ನಮ್ಮ ಅಬ್ಬಾ ಕನಕಗಿರ್ಯಾಗ ಹೊಲಿದ ಬಟ್ಟಿ ನನ್ನ ಕೈಲೆ ಮನಿಮನಿಗೆ ಕಳಸತಿದ್ರು," ಎಂದರು. "ಬಾರಿನ ಸೈಕಲ್. ಹದಿನಾಕು ವರ್ಷಕ್ಕ ಬಿಡಿಸಿದ್ರು. ಕಾಲು ಮರತಿಲ್ಲ ನೋಡ್ರಿ."

ಆ ಸೈಕಲ್ಲು ಅವತ್ತು ಅವರ ಮನೆಗೇ ಹೋಯಿತು. ಹೇಗೆ ಏನು ಎಂಬುದನ್ನು ಅವರೂ ನಮ್ಮನೆಯವರೂ ಮಾತಾಡಿಕೊಂಡರು, ನಾನು ಚಹಾ ಮಾಡಿದೆ. ದೊಡ್ಡವರದ್ದು ಸಣ್ಣವರಿಗೆ ಇಳಿದು ಬರುವುದನ್ನಷ್ಟೇ ಕಂಡ ನನಗೆ, ನನ್ನದೊಂದು ವಸ್ತು ಮೇಲಕ್ಕೆ ಹೋಗಿ ಯಾರಿಗೋ ಸರಿಯಾಗಿ ಹೊಂದಿದ್ದು ಹೊಸ ಅನುಭವ. ಅತ್ತೆಯವರು ಮಾತ್ರ ಸೀಟಿಗೆ ಹಚ್ಚಿದ್ದ ಕುಂಕುಮವನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಟ್ಟರು.

ನನಗೆ ಇನ್ನೊಂದನ್ನು ತರಿಸಲು ಬಸವರಾಜ ಅವರು ಒಪ್ಪಿದರು, ಒಂದು ಷರತ್ತಿನ ಮೇಲೆ: ಚೀಟಿ ಕಳಿಸುವಂತಿಲ್ಲ, ಸೈಕಲ್ಲು ಬಂದ ಮೇಲೆ ಅಂಗಡಿಗೇ ಬಂದು ನಿಂತು ನೋಡಿ ಒಯ್ಯಬೇಕು. ಕಳೆದ ಶುಕ್ರವಾರ ಬಂತು. ಆಪಾ ಅಂಗಡಿಗೆ ಬೀಗ ಹಾಕಿ ನನ್ನ ಜೊತೆ ಕೊಪ್ಪಳಕ್ಕೆ ಹೊರಟರು, ಸಾಕ್ಷಿಗೆ ಇರಲಿ ಎಂದು. ನಾನು ಕಾಲು ದಾಟಿಸಿದೆ. ಎರಡೂ ಹಿಮ್ಮಡಿ ನೆಲಕ್ಕೆ ತಾಗಿದವು. ಮತ್ತೆ ಎತ್ತಿ ಇಟ್ಟು ನೋಡಿದೆ, ಮತ್ತೂ ತಾಗಿದವು. ಅಂಗಡಿಯ ನೆಲದ ಫರ್ಸಿಕಲ್ಲಿನ ತಂಪು ಪೂರ್ತಿ ಪಾದಕ್ಕೆ ಹತ್ತಿತು. ಕೈ ನೀಡಿದರೆ ಹ್ಯಾಂಡಲ್ಲು ಅಲ್ಲೇ ಇತ್ತು, ನನ್ನ ಕೈ ಎಲ್ಲಿಗೆ ಬರುತ್ತದೆಂದು ಮೊದಲೇ ಗೊತ್ತಿದ್ದಂತೆ. ಕಣ್ಣು ಯಾಕೋ ಮಂಜಾಯಿತು. ಗ್ರೀಸಿನ ವಾಸನೆಗೆ ಇರಬೇಕು.

ಬಸವರಾಜ ಅವರು ಹೆಲ್ಮೆಟ್ಟೂ ಸರಿಯಾದದ್ದು ಹಾಕಿಕೊಳ್ಳಿರಿ ಎಂದು ಟೇಪು ತಂದು ಆಪಾರ ಕೈಗೆ ಕೊಟ್ಟರು. ಆಪಾ ನನ್ನ ಹಣೆಯ ಸುತ್ತ ಟೇಪು ಹಿಡಿದರು. ಎದುರಿನ ಗೋಡೆಯಲ್ಲಿ ಸಣ್ಣ ಸಣ್ಣ ಬೆಲ್ಲುಗಳ ಸಾಲು ನೇತುಹಾಕಿತ್ತು. ಒಂದರ ಮೇಲೆ ಹಳದಿ ಚಿಟ್ಟೆ ಇತ್ತು. ಎಷ್ಟು ಬರಕೊಳ್ಳಲಿ ಎಂದು ಬಸವರಾಜ ಅವರು ಕೇಳಿದ್ದು ಕಿವಿಗೆ ಬಿತ್ತು.

"ಎರಡಿಂಚು ಬಿಡ್ರಿ" ಎಂದೆ.

ಬಸವರಾಜ ಅವರ ಪೆನ್ನು ನಿಂತಿತು. "ತಲೀನೂ ಬೆಳೀತೈತೇನ್ರಿ ಅಕ್ಕಾರ?"

"ಅದನ್ನ ಬರಕೋಬ್ಯಾಡ್ರಿ ಅಣ್ಣಾರ," ಎಂದರು ಆಪಾ, ಟೇಪನ್ನು ಇನ್ನೊಂದು ಎಳೆ ಬಿಗಿ ಹಿಡಿಯುತ್ತ. "ಅದು ಅವರ ಬಾಯಿ ಹೇಳತೈತಿ. ತಲಿ ಅಳತಿ ನಾ ಹೇಳ್ತೀನಿ."

ಹೀಗೆ ನನ್ನ ಅಳತೆಯನ್ನು ಮೊದಲ ಬಾರಿಗೆ ಇದ್ದಷ್ಟೇ ಬರೆದುಕೊಂಡರು. ಹೆಲ್ಮೆಟ್ಟು ತಲೆಯ ಮೇಲೆ ಬಂದು ಕೂತಿತು. ಸ್ವಲ್ಪ ಬಿಗಿ ಅನ್ನಿಸಿತು. ಸರಿಯಾಗಿ ಹೊಂದಿದ್ದು ಹೀಗೇ ಇರುತ್ತದೋ ಏನೋ, ನನಗೆ ರೂಢಿಯಿಲ್ಲ.